ಪುಟ್ಟಿ ಜರ್ಮನಿಗೆ, ಮನೆ ಜರ್ಮನ್ ಟೈಮಿಗೆ

ಎಂ.ಎಸ್. ಓದೋಕೆ ಅಂತ ನಮ್ಮ ಮನೆಯಿಂದ ಜರ್ಮನಿಗೆ ಹೋದವಳು ಮಗಳೊಬ್ಬಳೇ. ಅಲ್ಲಿಗೆ ಹೊಂದಿಕೊಳ್ಳುವ ಪಾಡು ಮಾತ್ರ ಮೈಸೂರಿನ ಸರಸ್ವತಿಪುರಂನ ಈ ಮನೆಯಲ್ಲಿ ಉಳಿದ ಮೂವರಿಗೂ ಬಂತು. ಪುಟ್ಟಿ ಅಲ್ಲಿಯ ರೀತಿ ರಿವಾಜು ಬೇಗ ಕಲಿತಳು. ಅವರಪ್ಪ ಮತ್ತು ನಾನು ಇನ್ನೂ ಕಲಿಯುತ್ತಿದ್ದೇವೆ. ನಮ್ಮ ಅತ್ತೆಯವರಿಗೆ ಕಲಿಯುವುದಕ್ಕಿಂತ ಕಲಿಸುವುದರಲ್ಲಿ ಆಸಕ್ತಿ ಜಾಸ್ತಿ. ಜರ್ಮನಿಯವರಿಗೆ ಅದು ಗೊತ್ತಾಗಲು ಸ್ವಲ್ಪ ದಿನ ಹಿಡಿಯಿತು.

ಹೊರಡುವ ಮುಂಚಿನ ಕಥೆ ಎಲ್ಲರ ಮನೆಯಲ್ಲೂ ಒಂದೇ. ಒಂದೊಂದು ಸೂಟ್‌ಕೇಸಿಗೆ 23 ಕಿಲೋ. ನಮ್ಮ ಯಜಮಾನರು ಸೂಟ್‌ಕೇಸ್ ಎತ್ತಿಕೊಂಡು ತೂಕದ ಮೆಷಿನ್ ಹತ್ತುವುದು, ಬಂದ ಲೆಕ್ಕದಲ್ಲಿ ತಮ್ಮ ತೂಕ ಕಳೆಯುವುದು. ಕಳೆಯುವಾಗ ಅವರು ಹಿಡಿಯುತ್ತಿದ್ದದ್ದು ನಮ್ಮ ಮದುವೆಯ ಕಾಲದ ತೂಕ. ಹೀಗಾಗಿ ಅವರ ಹೊಟ್ಟೆಯ ಭಾರವೆಲ್ಲ ಸೂಟ್‌ಕೇಸಿನ ಲೆಕ್ಕಕ್ಕೆ ಬಿದ್ದು, ನಾನು ಮೊದಲು ಹುರಿಹಿಟ್ಟು ತೆಗೆದೆ, ಆಮೇಲೆ ಹುರುಳಿಕಾಳು ತೆಗೆದೆ. ರಾಗಿಹಿಟ್ಟಿಗೆ ಕೈ ಹಾಕಿದಾಗ ಅತ್ತೆ ಅಡ್ಡ ಬಂದರು.

ತುಪ್ಪದ ಡಬ್ಬಿ ತಾನಾಗಿಯೇ ಹೊರಗೆ ಬಂತು. ಯೂರೋಪ್ ಒಕ್ಕೂಟದ ಒಳಕ್ಕೆ ಹೊರದೇಶದ ಪ್ರಯಾಣಿಕರು ಮಾಂಸವನ್ನಾಗಲಿ, ಹಾಲಿನ ಪದಾರ್ಥವನ್ನಾಗಲಿ ತರುವಂತಿಲ್ಲ. ಸಿಹಿತಿಂಡಿಗೆ ಅಡ್ಡಿಯಿಲ್ಲ. ಯಜಮಾನರು ಇದನ್ನು ಓದಿ ಹೇಳಿದ್ದೇ ತಡ, ಅತ್ತೆ, “ಹಂಗಾರೆ ಮೈಸೂರ್‌ಪಾಕ್ ಮಾಡಿ ಕಳ್ಸವ್ವ. ಅದ್ರಲ್ಲಿ ಇನ್ನೇನದೆ, ತುಪ್ಪನೇ ಅಲ್ವಾ?” ಅಂದರು. ಕಾನೂನು ಮುರಿಯದೆ ನಮ್ಮ ತುಪ್ಪ ಜರ್ಮನಿ ಸೇರಿತು. ಡೆಲ್ಲಿಯಲ್ಲೋ ಬ್ರಸೆಲ್ಸಿನಲ್ಲೋ ಕೂರಬೇಕಾದ ತಲೆ, ನಮ್ಮ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದೆ.

ದುಡ್ಡಿನ ವಿಷಯದಲ್ಲಿ ಆ ದೇಶದ ಏರ್ಪಾಡು ನನಗೆ ಬಹಳ ಹಿಡಿಸಿತು. ವೀಸಾ ಬೇಕಾದರೆ ಒಂದು ವರ್ಷದ ಖರ್ಚನ್ನು, ಅಂದರೆ 11,904 ಯೂರೋವನ್ನು, ಮುಂಚೆಯೇ ಒಂದು ಖಾತೆಗೆ ಹಾಕಿ ತೋರಿಸಬೇಕು. ದುಡ್ಡು ಹಾಕಿದವರು ನಾವು, ಹೆಸರು ಅವಳದು. ಆದರೂ ತಿಂಗಳಿಗೆ ಅವಳ ಕೈಗೆ ಸಿಗುವುದು 992 ಯೂರೋ ಮಾತ್ರ. ನಮ್ಮ ಯಜಮಾನರ ಸಂಬಳಕ್ಕೂ ಇಂಥದೊಂದು ಖಾತೆ ಮೊದಲಿಂದ ಇದ್ದಿದ್ದರೆ ಮೇಲೊಂದು ಮಹಡಿ ಎದ್ದಿರುತ್ತಿತ್ತು.

ಸೆಪ್ಟೆಂಬರ್ ಕೊನೆಯಲ್ಲಿ ಏರ್‌ಪೋರ್ಟಿಗೆ ಹೋಗುವ ಫ್ಲೈಬಸ್ ಹತ್ತಿಸಿ ಬಂದೆವು. ಶನಿವಾರ ರಾತ್ರಿ ರೂಮು ಸೇರಿದಳು. ಬೆಳಗಾದರೆ ಭಾನುವಾರ, ಅಂಗಡಿಗಳೆಲ್ಲ ಬಂದ್. ದೊಡ್ಡ ರೈಲ್ವೇ ಸ್ಟೇಷನ್ನಿನ ಒಳಗಿನ ಅಂಗಡಿ, ಪೆಟ್ರೋಲ್ ಬಂಕು ಬಿಟ್ಟರೆ ದೇಶವೇ ಬಾಗಿಲು ಹಾಕಿಕೊಂಡಿರುತ್ತದೆ. “ಯಾರು ಸತ್ರು?” ಅಂತ ಅತ್ತೆ ಕೇಳಿದರು. ಯಾರೂ ಸತ್ತಿಲ್ಲ, ಭಾನುವಾರ ಇರುವುದೇ ಹಾಗೆ ಅಂದಾಗ ಅವರಿಗೆ ನಂಬಿಕೆ ಬರಲಿಲ್ಲ. ಭಾನುವಾರ ಅಂಗಡಿ ಮುಚ್ಚಿದರೆ ಕೆಲಸಕ್ಕೆ ಹೋಗುವವರು ಸಾಮಾನು ತರುವುದು ಯಾವಾಗ ಎಂಬ ಅವರ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಸ್ಟೇಷನ್ನಿಗೆ ಹೋಗಿ ಪುಟ್ಟಿ ತಂದದ್ದು ನೀರು. ನಲ್ಲಿ ನೀರು ಕುಡಿಯಬಹುದು ಅಂತ ಅವಳಿಗಾಗಲೇ ಹೇಳಿದ್ದರಂತೆ, ಆದರೆ ಮೈಸೂರಲ್ಲಿ ಹುಟ್ಟಿ ಬೆಳೆದವಳಿಗೆ ಕಾಯಿಸದ, ಸೋಸದ ನೀರು ಗಂಟಲಿನಿಂದ ಇಳಿಯಬೇಕಲ್ಲ. ಬಾಟಲಿ ತೆರೆದರೆ ಬುಸ್ಸೆಂದಿತು. ಸೋಡಾ! ಅಲ್ಲಿ ಗ್ಯಾಸ್ ಇಲ್ಲದ ನೀರನ್ನು ನೋಡಿ ಆರಿಸಿ ತರಬೇಕು. ಬೇರೆ ಏನೂ ಇಲ್ಲದ್ದಕ್ಕೆ ಅದರಲ್ಲೇ ಬೇಳೆ ಬೇಯಿಸಲಾ ಅಂತ ಫೋನಿನಲ್ಲಿ ಕೇಳಿದಳು. ನಾನು ಬಾಯಿ ತೆರೆಯುವ ಮುಂಚೆ ಅತ್ತೆ, “ಒಳ್ಳೇದೇ ಆಯ್ತು ಬುಡು ಮಗಾ. ಬೇಳೆಗೆ ಸೋಡಾ ಹಾಕುದ್ರೆ ಬಿರ್‍ನೆ ಬೇಯ್ತದೆ” ಅಂತ ತೀರ್ಪು ಕೊಟ್ಟರು.

ಆ ಬಾಟಲಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ನೀರು ಖಾಲಿಯಾದ ಪ್ಲಾಸ್ಟಿಕ್ ಬಾಟಲಿಯನ್ನು ಅಂಗಡಿಯ ಮೆಷಿನ್ನಿಗೆ ಹಾಕಿದರೆ 25 ಸೆಂಟ್ ವಾಪಸ್ ಕೊಡುತ್ತದೆ. ಕೊಳ್ಳುವಾಗಲೇ ಹಿಡಿದುಕೊಂಡಿದ್ದ ಅಡ್ವಾನ್ಸ್ ಅದು. ನಮ್ಮಲ್ಲಿ ಬಾಟಲಿ ಮೇಲೆ ಏನು ಬರೆದಿರುತ್ತದೆ? ಬಳಸಿದ ಮೇಲೆ ನಜ್ಜುಗುಜ್ಜು ಮಾಡಿ ಅಂತ. ಇದನ್ನು ಓದಿ ಪಾಲಿಸುವ ಒಂದೇ ಮನೆತನ ಕರ್ನಾಟಕದಲ್ಲಿ ಇದ್ದರೆ ಅದು ನಮ್ಮದು. ಯಜಮಾನರು ಮಗಳಿಗೆ ಚಿಕ್ಕಂದಿನಿಂದ ಕಲಿಸಿದ ಶಿಸ್ತಿನಂತೆ ಅವಳು ಬಾಟಲಿಯನ್ನು ತುಳಿದು, ಹಿಂಡಿ, ಚಪ್ಪಟೆ ಮಾಡಿ ತೆಗೆದುಕೊಂಡು ಹೋದಳು. ಮೆಷಿನ್ನಿಗೆ ಅದರ ಬಾರ್‌ಕೋಡ್ ಓದಲಾಗಲಿಲ್ಲ, ಬಾಟಲಿಯನ್ನು ವಾಪಸ್ ಉಗಿಯಿತು. ಸುದ್ದಿ ಕೇಳಿ ಯಜಮಾನರು ಮೊಬೈಲ್ ತೆಗೆದು 25 ಸೆಂಟಿಗೆ ಎಷ್ಟು ರೂಪಾಯಿ ಅಂತ ಲೆಕ್ಕ ಹಾಕಿ, ಅವತ್ತು ಊಟಕ್ಕೆ ತಡವಾಗಿ ಬಂದರು.

ಇನ್ನು ನೋಂದಣಿ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ಇಂಥ ವಿಳಾಸದಲ್ಲಿದ್ದೇನೆ ಎಂದು ಬರೆಸಬೇಕು. ಹೌದು, ಇದ್ದಾಳೆ ಅಂತ ಮನೆ ಮಾಲೀಕರು ಸಹಿ ಹಾಕಿದ ಕಾಗದವೂ ಜೊತೆಗಿರಬೇಕು. ಪುಟ್ಟಿಗೆ ಸಿಕ್ಕಿದ್ದು ಶುಕ್ರವಾರ ಬೆಳಗ್ಗೆ ಹನ್ನೊಂದು ಗಂಟೆ.

ಅತ್ತೆ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ.

“ಅವ್ವ, ಅಲ್ಲಿ ಹನ್ನೊಂದು ಅಂದ್ರೆ ಇಲ್ಲಿ ಮಧ್ಯಾಹ್ನ ಎರಡೂವರೆ. ರಾಹುಕಾಲ ಮುಗಿದು, ಊಟ ಆಗಿ, ನೀನು ಮಲಗಿರ್ತೀಯ” ಅಂದರು ಯಜಮಾನರು.

“ಏನ್ಲಾ, ರಾಹು ಇರಾದು ಮೈಸೂರಲ್ಲೋ ಆಕಾಸದಲ್ಲೋ? ಅಲ್ಲಿ ಸೂರ್ಯ ಎಷ್ಟೊತ್ಗೆ ಹುಟ್ತಾನೆ, ಎಷ್ಟೊತ್ಗೆ ಮುಳುಗ್ತಾನೆ, ಮೊದ್ಲು ಅದ ನೋಡು.”

ವಾದಿಸುವ ಹಾಗಿರಲಿಲ್ಲ, ಯಾಕೆಂದರೆ ಅವರ ಮಾತು ಶಾಸ್ತ್ರಪ್ರಕಾರ ಸರಿ. ಹಗಲನ್ನು ಎಂಟು ಪಾಲು ಮಾಡಿದರೆ ಶುಕ್ರವಾರದ ನಾಲ್ಕನೇ ಪಾಲು ರಾಹುವಿನದು. ಹತ್ತೂವರೆ ಎನ್ನುವುದು ಆರಕ್ಕೆ ಬೆಳಗಾಗುವ ಊರಿನ ಲೆಕ್ಕ. ಪುಟ್ಟಿಯ ಊರಿನಲ್ಲಿ ಆಗ ಸೂರ್ಯ ಏಳರ ಮೇಲೆ ಹುಟ್ಟಿ ಸಂಜೆ ಏಳರ ಮೇಲೆ ಮುಳುಗುತ್ತಿದ್ದ. ಯಜಮಾನರು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಕೂಡಿ, ಭಾಗಿಸಿ, ಹೊಡೆದು ಹಾಕಿ, ಮತ್ತೆ ಭಾಗಿಸಿದರು. ಜರ್ಮನಿಯ ಆ ಊರಿನಲ್ಲಿ ಶುಕ್ರವಾರದ ರಾಹುಕಾಲ ಶುರುವಾಗುವುದು ಸುಮಾರು 11.40ಕ್ಕೆ! ಮಗಳಿಗೆ ಮೆಸೇಜ್ ಹೋಯಿತು: ‘11.40ರೊಳಗೆ ಸೀಲು ಹಾಕಿಸಿಕೊಂಡು ಆಚೆಗೆ ಬಂದುಬಿಡು. ಅಜ್ಜಿ ಆಜ್ಞೆ.’ ಹನ್ನೊಂದಕ್ಕೆ ಸರಿಯಾಗಿ ಕರೆದು, ಹನ್ನೊಂದೂಕಾಲಿಗೆ ಕೆಲಸ ಮುಗಿಸಿ ಕಳಿಸಿದರಂತೆ. ಜರ್ಮನಿಯವರು ಟೈಮಿಗೆ ಅಷ್ಟು ಬೆಲೆ ಕೊಡುವುದು ಇದಕ್ಕೇ ಅಂತ ಅತ್ತೆಗೆ ಅವತ್ತಿನಿಂದ ಖಾತ್ರಿಯಾಗಿದೆ. ಬಾಯಿಬಿಟ್ಟು ಹೇಳುವುದಿಲ್ಲವಂತೆ, ಒಳಗೊಳಗೇ ರಾಹುಕಾಲ ನೋಡುತ್ತಾರಂತೆ.

ನೋಂದಣಿಯಾದರೂ ಕಾಗದಪತ್ರ ಕೈಸೇರಬೇಕಾದರೆ ಲೆಟರ್‌ಬಾಕ್ಸಿನ ಮೇಲೆ ಹೆಸರು ಇರಲೇಬೇಕು. ಅಲ್ಲಿ ಫ್ಲಾಟಿಗೆ ನಂಬರ್ ಬರೆಯುವ ರೂಢಿ ಕಡಿಮೆ, ಮನೆತನದ ಹೆಸರು ನೋಡಿ ಅಂಚೆಯವರು ಹಾಕಿಹೋಗುತ್ತಾರೆ. ನಮಗೆಲ್ಲಿಯ ಮನೆತನದ ಹೆಸರು? ಪಾಸ್‌ಪೋರ್ಟ್ ಮಾಡಿಸುವಾಗ ಆ ಕಾಲಂ ಖಾಲಿ ಇದ್ದರೆ ಮುಂದೆ ತೊಂದರೆ ಅಂತ ಯಾರೋ ಹೇಳಿದ್ದಕ್ಕೆ, ಇನಿಶಿಯಲ್ಲಿನ ‘ಎಂ’ ಬಿಡಿಸಿ ಊರ ಹೆಸರು ಬರೆಸಿದ್ದೆವು. ಹಾಗಾಗಿ ಅಲ್ಲಿಯ ಬಾಗಿಲ ಮೇಲೆ ಈಗ ಇರುವುದು ‘ಮಳವಳ್ಳಿ’ ಅಂತ. ಕ್ಲಾಸಿನಲ್ಲಿ ಅವಳನ್ನು ಕರೆಯುವುದು ಫ್ರಾವ್ (ನಮ್ಮ ಕುಮಾರಿ, ಶ್ರೀಮತಿ ಇದ್ದ ಹಾಗೆ) ಮಾಲಾಫಾಲಿ. ಅತ್ತೆ ಆ ಬಾಗಿಲಿನ ಫೋಟೋವನ್ನು ಮಳವಳ್ಳಿಗೆ ಕಳಿಸಿದರು. ಅಲ್ಲಿಂದ ಮಳವಳ್ಳಿ ಬಸ್ಸು ಎಷ್ಟೊತ್ತಿಗೆ ಅಂತ ನಮ್ಮ ಮೈದುನ ಕೇಳಿದ.

ಆ ಬಾಕ್ಸಿಗೆ ಬಂದ ಮೊದಲ ಕಾಗದವೇ ದುಡ್ಡು ಕಟ್ಟಿ ಅಂತ. ರೇಡಿಯೋ, ಟಿ.ವಿ. ಬಾಬ್ತು ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ. ಮನೆಯಲ್ಲಿ ರೇಡಿಯೋ ಇಲ್ಲ, ಟಿ.ವಿ. ಇಲ್ಲ ಅಂದರೂ ಬಿಡುವುದಿಲ್ಲ. ರೂಮ್‌ಮೇಟ್‌ಗಳ ಜೊತೆ ಹಂಚಿಕೊಳ್ಳಬಹುದು, ಅಷ್ಟೇ ಸಮಾಧಾನ. ನಾನು ಇದೆಂಥ ದೇಶ ಅಂತ ಶುರು ಮಾಡಿದ್ದೆ. ಅತ್ತೆ ಒಳಗೆ ಹೋಗಿ ಟ್ರಂಕಿನಿಂದ ಒಂದು ಪುಟ್ಟ ಪುಸ್ತಕ ತಂದರು. ಮಾವನವರ ಹೆಸರಿನ ರೇಡಿಯೋ ಲೈಸೆನ್ಸ್! ಒಳಗೆ ಸಾಲಾಗಿ ಅಂಟಿಸಿದ ಸ್ಟ್ಯಾಂಪು, ಅದರ ಮೇಲೆ ಪೋಸ್ಟ್ ಆಫೀಸಿನ ದುಂಡು ಸೀಲು. ಎಂಬತ್ತರ ದಶಕದಲ್ಲಿ ರದ್ದಾಗುವವರೆಗೂ ನಮ್ಮಲ್ಲೂ ರೇಡಿಯೋ ಇಟ್ಟುಕೊಳ್ಳಲು ವರ್ಷಾವರ್ಷ ಅಂಚೆಕಚೇರಿಗೆ ದುಡ್ಡು ಕಟ್ಟಬೇಕಿತ್ತು. ಯಜಮಾನರು ಇದೇ ಸಮಯ ಅಂತ, 1935ರಲ್ಲೇ ಮಹಾರಾಜಾ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಶುರು ಮಾಡಿದ್ದನ್ನು ಮಗಳಿಗೆ ಫೋನಿನಲ್ಲಿ ವಿವರಿಸತೊಡಗಿದರು. ಅಲ್ಲಿ ಸಿಗ್ನಲ್ ಹೋಯಿತು. ಹೋಯಿತು ಅಂತ ಅವಳು ಹೇಳಿದಳು.

ಬಸ್ಸಾರಿನ ಒಗ್ಗರಣೆ ವಿಷಯಕ್ಕೆ ಬರುತ್ತೇನೆ. ಅಲ್ಲಿ ಇವಳ ಅಡುಗೆಮನೆಯಲ್ಲಿರುವುದು ಗಾಜಿನ ಮೈಯ ಕರೆಂಟ್ ಒಲೆ. ಮಧ್ಯಾಹ್ನ ಮೂರೂವರೆಗೆ ನಮ್ಮ ಊಟದ ಟೇಬಲ್ಲಿನ ಮೇಲೆ ಸಕ್ಕರೆ ಡಬ್ಬಿಗೆ ಫೋನ್ ಒರಗಿಸಿ, ಅತ್ತೆ ಕನ್ನಡಕ ಹಾಕಿಕೊಂಡು ಕೂತರು. ಬೆಳ್ಳುಳ್ಳಿ ಜಜ್ಜಿದ್ದಾಯಿತು, ಸಾಸಿವೆ ಸಿಡಿಯಿತು.

“ಈಗ ಉರಿ ಸಣ್ಣ ಮಾಡು ಮಗಾ.”

“ಉರಿನೇ ಇಲ್ಲ ಅಜ್ಜಿ. ಒಂಬತ್ತರಲ್ಲಿತ್ತು, ಎರಡಕ್ಕೆ ಇಳಿಸಿದೀನಿ.”

ಇಳಿಸಿದ್ದು ಗುಂಡಿ, ಕಾವಲ್ಲ. ಆ ಗಾಜು ಒಮ್ಮೆ ಕಾದರೆ ಸುಲಭಕ್ಕೆ ಆರದು. ಒಣಮೆಣಸಿನಕಾಯಿ ನಾವು ನೋಡುನೋಡುತ್ತಿದ್ದಂತೆ ಕೆಂಪಿನಿಂದ ಕಪ್ಪಾಯಿತು, ಘಾಟು ಹಜಾರಕ್ಕೆ ನುಗ್ಗಿತು, ಹಜಾರದ ಚಾವಣಿಯಲ್ಲಿದ್ದ ಹೊಗೆಯ ಅಲಾರಾಂ ಕಿರುಚಲು ಶುರುಮಾಡಿತು. ಅಲ್ಲಿ ಮಲಗುವ ಕೋಣೆಗೆ, ಹಜಾರಕ್ಕೆ ಅದು ಕಡ್ಡಾಯ. “ಅಡಿಗೆ ಆದ್ರೆ ಗಂಟೆ ಬೇರೆ ಹೊಡಿತದಾ? ವಸಿ ಅನುಕೂಲವಾಗೇ ಅದೆ” ಅಂದರು ಅತ್ತೆ. ಇತ್ತ ಯಜಮಾನರು ಗಾಬರಿಯಲ್ಲಿ ಓಡಿಹೋಗಿ ನಮ್ಮ ಮನೆಯ ಸಿಲಿಂಡರ್ ಬಂದ್ ಮಾಡಿದರು. ಸಂಜೆ ಕಾಫಿಗೆ ಒಲೆ ಹತ್ತದೆ, ಗ್ಯಾಸ್ ಖಾಲಿಯಾಯಿತು ಅಂದುಕೊಂಡು ಹೊಸ ಸಿಲಿಂಡರ್ ಬುಕ್ ಮಾಡಿದ್ದೂ ಅವರೇ. ಅತ್ತ ರೂಮ್‌ಮೇಟ್ ಹುಡುಗಿ ಬಂದು ಒಂದೂ ಮಾತಾಡದೆ ಕಿಟಕಿಗಳನ್ನೆಲ್ಲ ತೆರೆದಳು. ಹೊಗೆ ಇರಲಿ ಬಿಡಲಿ, ಚಳಿಗಾಲದಲ್ಲೂ ದಿನಾ ಕಿಟಕಿ ಪೂರ್ತಿ ತೆರೆದು ಗಾಳಿಯಾಡಿಸಬೇಕು, ಇಲ್ಲದಿದ್ದರೆ ಗೋಡೆಗೆ ಬೂಷ್ಟು ಬರುತ್ತದೆ ಅಂತ ಬಾಡಿಗೆ ಕರಾರಿನಲ್ಲೇ ಬರೆದಿದೆಯಂತೆ. ಅತ್ತೆಗೆ ಸಿಟ್ಟು ಬಂದದ್ದು ಆ ಒಲೆಯ ಮೇಲೆ. “ಶಿವನಸಮುದ್ರ ನಮ್ಮ ಮಳವಳ್ಳಿ ತಾಲೂಕು ಕನವ್ವ. ನಮ್ಮಲ್ಲಿ ಹುಟ್ಟಿದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯ್ತು. ಆದ್ರೂ ನಾವೇನು ಕರೆಂಟಲ್ಲಿ ಸಾರು ಮಾಡುದ್ವಾ?” ಅದು 1902ರ ಮಾತು. ಸಾರಿಗೂ ಅದಕ್ಕೂ ಏನು ಸಂಬಂಧ ಅಂತ ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಈ ಮೂರೂವರೆ ಗಂಟೆ ಅಂತರದ ಕೂಡಿ ಕಳೆಯುವ ಕಾಟ ಸಾಕಾಗಿ ಯಜಮಾನರು ನಮ್ಮ ಹಜಾರದ ಗೋಡೆಗೆ ಎರಡನೇ ಗಡಿಯಾರ ತೂಗುಹಾಕಿದರು, ಜರ್ಮನ್ ಟೈಮಿನದು. ಮರುದಿನ ಹನ್ನೊಂದಕ್ಕೆ ಬಂದ ಕೆಲಸದವಳನ್ನು ನಾನು ಇದೇನಮ್ಮ ಇಷ್ಟೊತ್ತು ಅಂತ ಕೇಳಿದರೆ, ಅವಳು ಗೋಡೆ ನೋಡಿ, “ಇನ್ನೂ ಏಳೂವರೆ ಅಲ್ವಾ ಅಕ್ಕ” ಅಂದಳು. ಅದಕ್ಕೂ ಒಗ್ಗಿಕೊಳ್ಳುವಷ್ಟರಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಬಂತು. ಅವತ್ತು ಯೂರೋಪಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ನಮಗೂ ಅವರಿಗೂ ಅಂತರ ನಾಲ್ಕೂವರೆಯಾಗುತ್ತದೆ. ಅಂತರ ಹೆಚ್ಚಾದಷ್ಟೂ ಕೆಲಸದವಳು ನೆಮ್ಮದಿಯಾಗಿದ್ದಾಳೆ.

ದೀಪಾವಳಿ ಹೊತ್ತಿಗೆ ಕಸದ ಸರದಿ ಬಂತು. ಪುಟ್ಟಿ ಇರುವುದು ಶ್ವಾಬಿಯಾ ಎಂಬ ಸೀಮೆಯಲ್ಲಿ. ಅಲ್ಲಿಯ ಹಳೇ ಕಟ್ಟಳೆ ಕೆರ್‌ವೋಖೆ. ಬಾಡಿಗೆದಾರರು ವಾರಕ್ಕೊಬ್ಬರಂತೆ ಕಟ್ಟಡದ ಮೆಟ್ಟಿಲು, ಮುಂಬಾಗಿಲು, ರಸ್ತೆಬದಿ ಗುಡಿಸಬೇಕು. ಯಾರ ವಾರವೋ ಅವರ ಬಾಗಿಲಿಗೆ ಒಂದು ಸಣ್ಣ ಫಲಕ ನೇತುಬೀಳುತ್ತದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದ ಮೈಸೂರಿನ ಹುಡುಗಿ ಇವಳು, ನಿಜ. ಆ ಮೊದಲ ಸ್ಥಾನಕ್ಕೆ ಇವಳ ಕೊಡುಗೆ ಮಾತ್ರ ಏನೂ ಇಲ್ಲ. ಇಲ್ಲಿದ್ದಾಗ ಪೊರಕೆ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಅತ್ತೆಗೆ ಮಹದಾನಂದವಾಯಿತು. ನಾನು ಇಪ್ಪತ್ತು ವರ್ಷದಿಂದ ಮಾಡಲಾಗದ್ದನ್ನು ಒಂದು ಫಲಕ ಮಾಡಿಸಿತ್ತು.

ಅವರು ಅಷ್ಟಕ್ಕೇ ಬಿಡಬಾರದೇ? “ಗುಡಿಸಿದ್ ಬಾಗ್ಲ ಹಂಗೇ ಬೋಳ್‌ಬೋಳಾಗಿ ಬುಡಬಾರ್ದು ಮಗಾ, ಹಬ್ಬ” ಅಂದರು. ಅವಳು ಅಕ್ಕಿಹಿಟ್ಟಿನಲ್ಲಿ ಮುಂಬಾಗಿಲಿಗೆ ನಮ್ಮ ಮನೆಯ ತಾವರೆ ರಂಗೋಲಿ ಹಾಕಿ, ಫೋಟೋ ಕಳಿಸಿ, ಕ್ಲಾಸಿಗೆ ಹೋದಳು. ಕೆಳಮನೆಯಲ್ಲಿ ಒಬ್ಬರು ವಯಸ್ಸಾದ ಹೆಂಗಸಿದ್ದಾರೆ. ಈಗ ತಾನೇ ಗುಡಿಸಿದ ಬಾಗಿಲಲ್ಲಿ ಯಾರೋ ಹಿಟ್ಟು ಚೆಲ್ಲಿ ಹೋಗಿದ್ದಾರೆ ಅಂತ ಅವರಿಗೆ ಕಂಡಿತು. ಪಾಪ, ತಾವೇ ಎಲ್ಲ ಬಳಿದು ತೊಳೆದು, ಮುಂದಿನ ವಾರಕ್ಕೂ ಫಲಕವನ್ನು ಪುಟ್ಟಿಯ ಬಾಗಿಲಿಗೇ ತಗುಲಿಸಿದರು. ಅತ್ತೆಗೆ ಅವರ ಮೇಲೆ ಬಂದ ಗೌರವ ಅಷ್ಟಿಷ್ಟಲ್ಲ. “ಆ ಯಮ್ಮನ ನಂಬರ್ ಇಸ್ಕೊ” ಅಂತ ಮಗಳಿಗೆ ಇವತ್ತಿಗೂ ಹೇಳುತ್ತಿದ್ದಾರೆ.

ಎರಡನೇ ವಾರದ ಗುಡಿಸಾಟದ ಫೋಟೋವನ್ನು ಅತ್ತೆ ಮನೆಯವರ ಗ್ರೂಪಿಗೆ ಹಾಕಿದರು. ಹತ್ತು ನಿಮಿಷದಲ್ಲಿ ಮಂಡ್ಯದಿಂದ ಚಿಕ್ಕತ್ತೆಯ ಫೋನು.

“ಅಲ್ಲ ಕನವ್ವ, ಅಷ್ಟೊಂದು ದುಡ್ ಸುರ್‍ದು ಓದಕ್ಕೆ ಕಳ್ಸುದ್ರಿ, ಮಗೀಗೆ ಕಸ ಗುಡಿಸೋ ಕೆಲ್ಸ ಕೊಟ್ಟವ್ರಲ್ಲ!”

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಸೀಮೆಯ ಪದ್ಧತಿ, ವಾರದ ಸರದಿ, ಬಾಗಿಲಿನ ಫಲಕ. ಅವರು ಕೊನೆತನಕ ಕೇಳಿಸಿಕೊಂಡರು.

“ಅದೆಲ್ಲ ಇರ್‍ಲಿ. ಸಂಬ್ಳ ಯೂರೋದಲ್ಲಿ ಕೊಡ್ತಾರಾ? ನಮ್ ಹುಡುಗ ಒಬ್ಬ ಡಿಪ್ಲೊಮಾ ಮುಗಿಸ್ಕಂಡು ಸುಮ್ನೆ ಕೂತವ್ನೆ.”