ಎಡಕ್ಕೂ ಬಲಕ್ಕೂ ವೋಟು ಹಾಕುವವರಿಗೆ ಗೊಂದಲವಿಲ್ಲ

ಒಮ್ಮೆ ಪ್ರಗತಿಪರ ಅಭ್ಯರ್ಥಿಗೆ, ಇನ್ನೊಮ್ಮೆ ಸಂಪ್ರದಾಯವಾದಿಗೆ ವೋಟು ಹಾಕುವವರನ್ನು ಕಂಡರೆ ‘ಇವರಿಗೆ ರಾಜಕೀಯವೇ ಗೊತ್ತಿಲ್ಲ’ ಎಂದು ಷರಾ ಬರೆದುಬಿಡುತ್ತೇವೆ. ಈ ಮಾತು ನನಗೆ ಒಪ್ಪಿಗೆಯಿಲ್ಲ.

2020ರ ನವೆಂಬರಿನಲ್ಲಿ ಅಮೆರಿಕದ ಫ್ಲಾರಿಡಾದ ಮತಪತ್ರದಲ್ಲಿ ಅಧ್ಯಕ್ಷ ಹುದ್ದೆಯ ಜೊತೆಗೆ ಇನ್ನೊಂದು ಪ್ರಶ್ನೆಯಿತ್ತು: ಕನಿಷ್ಠ ಕೂಲಿಯನ್ನು ಹಂತಹಂತವಾಗಿ ಗಂಟೆಗೆ 15 ಡಾಲರಿಗೆ ಏರಿಸಬೇಕೇ? ಬಲಪಂಥದ ಅಧ್ಯಕ್ಷ ಅಭ್ಯರ್ಥಿ ಟ್ರಂಪ್‌ಗೆ ಸುಮಾರು 56.7 ಲಕ್ಷ ವೋಟು ಬಂತು, ಎಡದವರ ಬೇಡಿಕೆಯಾದ ಕೂಲಿ ಏರಿಕೆಗೆ ಸುಮಾರು 63.9 ಲಕ್ಷ. ಮತ ಹಾಕಿದವರೇ ಒಟ್ಟು 1 ಕೋಟಿ 11 ಲಕ್ಷ ಚಿಲ್ಲರೆ. ಕೂಡಿ ಕಳೆದು ನೋಡಿ, ಕನಿಷ್ಠ 9 ಲಕ್ಷ ಜನ ಎರಡಕ್ಕೂ ವೋಟು ಹಾಕಿದ್ದಾರೆ. ಇದು ಸಮೀಕ್ಷೆಯಲ್ಲ, ಬರೀ ಅಂಕಗಣಿತ.

ಕೂಲಿ, ಪಿಂಚಣಿ, ಆಸ್ಪತ್ರೆ ಖರ್ಚು ಅಂದರೆ ಎಡಕ್ಕೆ, ವಲಸೆ, ಅಪರಾಧ ಅಂದರೆ ಬಲಕ್ಕೆ ವಾಲುವವರು ಬೇಕಾದಷ್ಟಿದ್ದಾರೆ. ಆ ಸಲ ಯಾವ ವಿಷಯ ಮೇಲೆ ಬಂತೋ ಅವರ ವೋಟು ಅತ್ತ ಹೋಗುತ್ತದೆ. ಅಧಿಕಾರದಲ್ಲಿರುವವರ ಮೇಲಿನ ಬೇಸರವೂ ಸೇರಿಕೊಳ್ಳುತ್ತದೆ. ಅಮೆರಿಕದ ಅಯೋವಾ ರಾಜ್ಯದ ಹೋವರ್ಡ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು) 2012ರಲ್ಲಿ ಎಡಕ್ಕೆ ವಾಲಿದ ಒಬಾಮಾರನ್ನು, 2016ರಲ್ಲಿ ಟ್ರಂಪ್‌ರನ್ನು, ಎರಡು ಸಲವೂ ಶೇ. 20ರಷ್ಟು ಅಂತರದಿಂದ ಗೆಲ್ಲಿಸಿತು.

ಆದರೆ ಎರಡು ಚುನಾವಣೆಗಳ ಫಲಿತಾಂಶ ಪಕ್ಕಪಕ್ಕ ಇಟ್ಟು ‘ಇಷ್ಟು ಜನ ಬದಲಾದರು’ ಎನ್ನುವುದು ದೊಡ್ಡ ತಪ್ಪು. ನಡುವೆ ಕೆಲವರು ಸತ್ತಿರುತ್ತಾರೆ, ಹೊಸಬರು ಪಟ್ಟಿಗೆ ಸೇರಿರುತ್ತಾರೆ, ಕೆಲವರು ಮನೆಯಲ್ಲೇ ಉಳಿದಿರುತ್ತಾರೆ. ‘ಹೋದ ಸಲ ಯಾರಿಗೆ ಹಾಕಿದಿರಿ?’ ಎಂದು ಕೇಳಿದರೂ ಪೂರ್ತಿ ನಂಬುವಂತಿಲ್ಲ, ಗೆದ್ದವರಿಗೇ ಹಾಕಿದ್ದೆ ಎನ್ನುವವರು ಹೆಚ್ಚು. ನಂಬಬಹುದಾದ ದಾರಿ ಎಂದರೆ ಅದೇ ವ್ಯಕ್ತಿಯನ್ನು ಮೊದಲ ಚುನಾವಣೆಯಾದ ಕೂಡಲೇ ಕೇಳಿ ಬರೆದಿಟ್ಟು, ಮುಂದಿನ ಚುನಾವಣೆಯಾದ ಮೇಲೆ ಮತ್ತೆ ಕೇಳುವುದು. ಅಲ್ಲೂ ಒಂದು ಕುತ್ತಿದೆ. ರಾಜಕೀಯದಲ್ಲಿ ಆಸಕ್ತಿ ಕಡಿಮೆ ಇರುವವರು ಎರಡನೇ ಸುತ್ತಿಗೆ ಸಿಗುವುದಿಲ್ಲ. ಪಕ್ಷ ಬದಲಿಸುವವರು ಹೆಚ್ಚಾಗಿರುವುದು ಅವರಲ್ಲೇ.

ಹೀಗೆ ಎಡಕ್ಕೂ ಬಲಕ್ಕೂ ವೋಟು ಹಾಕುವವರನ್ನು ಕಡೆಗಣಿಸುವ ಪಕ್ಷಗಳಿಗೆ ಬೀಳುವ ಪೆಟ್ಟು ದುಪ್ಪಟ್ಟು. ಬೆಂಬಲಿಗನೊಬ್ಬ ಮನೆಯಲ್ಲೇ ಕೂತರೆ ಅಂತರದಲ್ಲಿ ಒಂದು ವೋಟು ವ್ಯತ್ಯಾಸ, ಎದುರಾಳಿಗೆ ಹಾಕಿದರೆ ಎರಡು. 2016ರಲ್ಲಿ ಮಿಶಿಗನ್‌ನಲ್ಲಿ ಟ್ರಂಪ್ ಗೆದ್ದದ್ದು 10,704 ವೋಟಿನಿಂದ. ಅವರಿಗೆ ಹಾಕಿದವರಲ್ಲಿ 5,353 ಜನ ಎದುರಾಳಿ ಹಿಲರಿ ಕ್ಲಿಂಟನ್‌ಗೆ ಹಾಕಿದ್ದರೆ ಆ ರಾಜ್ಯದ ಫಲಿತಾಂಶವೇ ತಿರುಗುತ್ತಿತ್ತು.