ಶ್ರೀಮಂತ ದೇಶಗಳ ಹಸಿರು ಕರೆಂಟಿನ ಲೆಕ್ಕ ನಮಗೆ ಅಳತೆಗೋಲು ಆಗಬೇಕೆ?

ಪರ: ಮೈಸೂರಿನಿಂದ

ಹೋದ ಮಳೆಗಾಲದಲ್ಲಿ ಮಗಳನ್ನು ಶಿವನಸಮುದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಗಗನಚುಕ್ಕಿ ನೋಡುತ್ತಾ ಅವಳಿಗೆ ಹೇಳಿದೆ: 1902ರಲ್ಲಿ ಇಲ್ಲಿ ಮಾಡಿದ ಕರೆಂಟು ಸುಮಾರು 150 ಕಿಲೋಮೀಟರ್ ತಂತಿ ಹಾದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿಗೆ 1905ರಲ್ಲಿ, ನಮ್ಮ ಮೈಸೂರಿಗೆ 1908ರಲ್ಲಿ ದೀಪ ಬಂತು. ಒಂದು ಚೂರು ಕಲ್ಲಿದ್ದಲಿಲ್ಲದೆ, ಕಾವೇರಿ ನೀರಿನಿಂದಲೇ. "ಹಾಗಾದ್ರೆ ನಾವು ಮುಂದೆ ಇದ್ವಿ ಅಲ್ವಾ ಅಪ್ಪ?" ಎಂದಳು. ಇದ್ದೆವು. ಆಮೇಲೆ ರಾಯಚೂರು, ಬಳ್ಳಾರಿಯ ಉಷ್ಣ ಸ್ಥಾವರಗಳು ಬಂದವು. ಕಲ್ಲಿದ್ದಲು ನಮ್ಮ ನೆಲದಲ್ಲಿ ಸಿಗುವುದಿಲ್ಲ. ಹೊರ ರಾಜ್ಯಗಳಿಂದ ರೈಲಿನಲ್ಲಿ ಬರಬೇಕು.

ಅದಕ್ಕೇ ನಾನು ಬೇರೆ ದೇಶಗಳ ಲೆಕ್ಕವನ್ನು, ಅಂದರೆ ಅವರ ಒಟ್ಟು ಕರೆಂಟಿನಲ್ಲಿ ನೀರು, ಗಾಳಿ, ಬಿಸಿಲಿನಂಥ ನವೀಕರಿಸಬಹುದಾದ ಮೂಲಗಳ ಪಾಲು ಎಷ್ಟು ಎನ್ನುವುದನ್ನು, ಗಮನವಿಟ್ಟು ನೋಡುತ್ತೇನೆ. ಬ್ರಿಟನ್ ನೋಡಿ. ಕಲ್ಲಿದ್ದಲು ಸುಟ್ಟು ಊರಿಗೆಲ್ಲ ಕರೆಂಟು ಕೊಡುವ ಕೆಲಸ 1882ರಲ್ಲಿ ಶುರುವಾದದ್ದೇ ಲಂಡನ್‌ನಲ್ಲಿ. 2012ರಲ್ಲೂ ಅವರ ಕರೆಂಟಿನ ಶೇ. 40ರಷ್ಟು ಕಲ್ಲಿದ್ದಲಿನದೇ. 2024ರ ಸೆಪ್ಟೆಂಬರ್ 30ಕ್ಕೆ ಕೊನೆಯ ಸ್ಥಾವರ ಮುಚ್ಚಿದರು. ಬರೀ ಹನ್ನೆರಡು ವರ್ಷ! ಒಂದು ಮಗು ಶಾಲೆ ಮುಗಿಸುವಷ್ಟು ಕಾಲ. ಡೆನ್ಮಾರ್ಕ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕರೆಂಟು ಗಾಳಿಯಿಂದಲೇ ಬರುತ್ತದೆ.

ಜರ್ಮನಿಯದು ಇನ್ನೂ ಹತ್ತಿರದ ಪಾಠ. ಚಳಿಗಾಲದಲ್ಲಿ ಬರ್ಲಿನ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಅಂಥ ದೇಶ 2000ದಲ್ಲಿ ಕಾನೂನು ಮಾಡಿ, ಸೋಲಾರ್ ಹಾಕಿದವರಿಗೆ 20 ವರ್ಷ ಗೊತ್ತುಪಡಿಸಿದ ದರ ಕೊಡುತ್ತೇವೆ ಎಂದಿತು. ಆಗ ನವೀಕರಿಸಬಹುದಾದ ಮೂಲಗಳ ಪಾಲು ಶೇ. 6ರ ಆಸುಪಾಸು. ಈಗ ಅರ್ಧ ದಾಟಿದೆ. ಅವರ ಬಳಿ ದುಡ್ಡಿದೆ, ನಮ್ಮ ಬಳಿ ಇಲ್ಲ ಎನ್ನುವವರಿಗೆ ಒಂದು ಮಾತು. ಪ್ಯಾನೆಲ್ ತೀರಾ ದುಬಾರಿ ಇದ್ದಾಗ ಅವರು ಕೊಂಡರು. ಹಾಗೆ ಕೊಂಡದ್ದರಿಂದಲೇ ಬೆಲೆ ಇಳಿಯುತ್ತಾ ಬಂತು. ನಾವು ಇಳಿದ ಬೆಲೆಗೆ ಕೊಳ್ಳುತ್ತಿದ್ದೇವೆ. ಮೇಲಿಂದ ನಮಗೆ ಅವರಿಗಿಂತ ಎಷ್ಟೋ ಜಾಸ್ತಿ ಬಿಸಿಲಿದೆ.

ನಮ್ಮ ಮನೆ ತಾರಸಿಯ ಮೇಲೆ 3 ಕಿಲೋವ್ಯಾಟ್ ಹಾಕಿಸಿದ್ದೇನೆ. ಅಷ್ಟಕ್ಕೆ ಕೇಂದ್ರದ ಸಬ್ಸಿಡಿ 78,000 ರೂಪಾಯಿ. ನಮ್ಮ ಬೀದಿಯಲ್ಲಿ ನೀರು ಕಾಯಿಸುವ ಸೋಲಾರ್ ಇಲ್ಲದ ಮನೆಗಳೇ ಕಡಿಮೆ. ಅದರ ಪಕ್ಕದಲ್ಲಿ ಪ್ಯಾನೆಲ್ ಹಾಕಿಸುವುದಕ್ಕೆ ಮಾತ್ರ ಜನ ಹಿಂದೆ ಮುಂದೆ ನೋಡುತ್ತಾರೆ. ಕಣ್ಣ ಮುಂದೆ ಈ ಪಾಲಿನ ಅಂಕಿ ಇದ್ದರೆ "ನಾವು ಎಲ್ಲಿದ್ದೇವೆ?" ಎಂದು ಸರ್ಕಾರವನ್ನೂ ಕೇಳಬಹುದು, ನಮ್ಮನ್ನೂ ಕೇಳಿಕೊಳ್ಳಬಹುದು. ಜರ್ಮನಿ ಮಾಡಿದ್ದನ್ನು, ದೊಡ್ಡ ಸೋಲಾರ್ ಪಾರ್ಕ್ ಇರುವ ಪಾವಗಡದ ಬಿಸಿಲಿಟ್ಟುಕೊಂಡು ನಾವು ಮಾಡಲಾರೆವು ಎಂದರೆ ನಾನು ಒಪ್ಪುವುದಿಲ್ಲ.

ವಿರೋಧ: ಮಂಡ್ಯದಿಂದ

ಮೈಸೂರಿನ ಗೆಳೆಯರು ಬರೆದದ್ದನ್ನು ಓದಿದೆ. ಸೋಲಾರ್ ಬೇಡ ಎಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಹಸಿರು ಕರೆಂಟಿನ ಪಾಲು ಎಂಬ ಆ ಅಂಕಿಯ ಮೇಲೆ.

ನಾರ್ವೆಯ ಕರೆಂಟು ಬಹುಪಾಲು ನೀರಿನದು. ಐಸ್‌ಲ್ಯಾಂಡಿನದು ನೀರು ಮತ್ತು ಭೂಮಿಯ ಒಳಗಿನ ಬಿಸಿಯದು. ಐಸ್‌ಲ್ಯಾಂಡಿನ ಜನಸಂಖ್ಯೆ ನಾಲ್ಕು ಲಕ್ಷ ಇಲ್ಲ. ನಮ್ಮ ಮಂಡ್ಯ ಜಿಲ್ಲೆ ಒಂದರಲ್ಲೇ 2011ರ ಜನಗಣತಿಗೆ 18 ಲಕ್ಷ ಇದ್ದೆವು. ನಾರ್ವೆಯ ಅಣೆಕಟ್ಟೆ ಕೆಳಗೆ ಭತ್ತದ ಗದ್ದೆ ಬಾಯಿಬಿಟ್ಟುಕೊಂಡು ಕಾಯುತ್ತಿರುವುದಿಲ್ಲ. ನಮ್ಮ ಕಾವೇರಿ ಮೊದಲು ಕುಡಿಯಲು, ಆಮೇಲೆ ಬೆಳೆಗೆ, ಅದರ ನಡುವೆ ತಮಿಳುನಾಡಿನ ಪಾಲು. 2023ರಲ್ಲಿ ಕೆಆರ್‌ಎಸ್ ತುಂಬಲಿಲ್ಲ. ಮಳೆ ಕೈಕೊಟ್ಟ ಅದೇ ವರ್ಷ ರಾಜ್ಯದಲ್ಲಿ ಕರೆಂಟಿಗೂ ಕೊರತೆ ಬಿತ್ತು. ನೀರಿಲ್ಲ, ನೀರಿನ ಕರೆಂಟೂ ಇಲ್ಲ, ಎಲ್ಲರ ಬೋರ್‌ವೆಲ್ ಮೋಟರ್ ಮಾತ್ರ ಒಟ್ಟಿಗೇ ಓಡಬೇಕು. ಇದನ್ನು ನಾನು ಗದ್ದೆಯಲ್ಲಿ ನಿಂತು ನೋಡಿದ್ದೇನೆ.

ಇನ್ನು ಫ್ರಾನ್ಸ್. ಅವರ ಕರೆಂಟಿನ ಮೂರನೇ ಎರಡು ಭಾಗದಷ್ಟು ಅಣುವಿನದು. ಅಣು ವಿದ್ಯುತ್ತು ನವೀಕರಿಸಬಹುದಾದದ್ದರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಪಾಲಿನಲ್ಲಿ ಅವರು ಜರ್ಮನಿಗಿಂತ ಎಷ್ಟೋ ಹಿಂದೆ. ಆದರೆ ಒಂದು ಯೂನಿಟ್ ಕರೆಂಟಿಗೆ ಜರ್ಮನಿ ಬಿಡುವ ಇಂಗಾಲ ಫ್ರಾನ್ಸಿನದಕ್ಕಿಂತ ಹಲವು ಪಟ್ಟು. ಜರ್ಮನಿ ತನ್ನ ಕೊನೆಯ ಮೂರು ಅಣು ಸ್ಥಾವರಗಳನ್ನು 2023ರ ಏಪ್ರಿಲ್ 15ರಂದು ನಿಲ್ಲಿಸಿತು, ಕಲ್ಲಿದ್ದಲು ಇನ್ನೂ ಸುಡುತ್ತಿದೆ. ಹಾಗಾದರೆ ಯಾರು ಮುಂದೆ? ಬ್ರಿಟನ್ ಅಮೆರಿಕದಿಂದ ಹಡಗಿನಲ್ಲಿ ಮರದ ಉಂಡೆ ತರಿಸಿ ಸುಟ್ಟು, ಅದನ್ನೂ ಈ ಪಾಲಿಗೇ ಸೇರಿಸುತ್ತದೆ. ನಮ್ಮ ಆಲೆಮನೆಯಲ್ಲೂ ಕಬ್ಬಿನ ಸಿಪ್ಪೆ ಸುಡುತ್ತೇವೆ. ಆದರೆ ಕಬ್ಬು ಮುಂದಿನ ವರ್ಷ ಮತ್ತೆ ಬರುತ್ತದೆ. ಕಡಿದ ಮರ ಹಾಗೆ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡದು ಇದು. ಬ್ರಿಟನ್ ಇವತ್ತು ಬಳಸುವ ಕರೆಂಟು 2005ರಲ್ಲಿ ಬಳಸಿದ್ದಕ್ಕಿಂತ ಕಡಿಮೆ. ಬೇಡಿಕೆ ಏರದೇ ಇದ್ದಾಗ, ಹೊಸದಾಗಿ ನಿಂತ ಒಂದೊಂದು ಗಾಳಿಯಂತ್ರವೂ ಒಂದಷ್ಟು ಕಲ್ಲಿದ್ದಲನ್ನು ಆಚೆ ತಳ್ಳುತ್ತದೆ. ನಮ್ಮಲ್ಲಿ ಹಾಗಲ್ಲ. ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಬರುವುದು ಸುಮಾರು 1,400 ಯೂನಿಟ್, ಅಮೆರಿಕದವನಿಗೆ 12,000ದ ಮೇಲೆ. ಹೊಸ ಸೋಲಾರ್ ಬಂದಷ್ಟೂ ಹೊಸ ಫ್ರಿಜ್ಜು, ಹೊಸ ಮೋಟರ್ ಅದನ್ನು ಕುಡಿದುಬಿಡುತ್ತವೆ. ಪಾಲು ಏರದಿದ್ದರೂ ನಾವು ಸುಮ್ನೆ ಕೂತಿಲ್ಲ. ಪಾಲಿನ ಅಂಕಿಯೊಂದನ್ನೇ ನೋಡಿದರೆ ಆ ದುಡಿಮೆ ಕಾಣುವುದಿಲ್ಲ.

ಅಂಕಿಯ ಹಿಂದೆ ಓಡಿದರೆ ಏನಾಗುತ್ತದೆ ಎನ್ನುವುದೂ ನನ್ನ ಚಿಂತೆ. ಸಂಜೆ ಏಳಕ್ಕೆ ಎಲ್ಲ ಮನೆಯಲ್ಲೂ ದೀಪ, ಟಿವಿ ಹಚ್ಚುವ ಹೊತ್ತಿಗೆ ಸೂರ್ಯ ಇರುವುದಿಲ್ಲ. ಹಗಲಿನ ಕರೆಂಟನ್ನು ಕೂಡಿಡಬೇಕು. ಅದಕ್ಕೆಂದು ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಕಾಡಿನಲ್ಲೇ, ನೀರನ್ನು ಮೇಲಕ್ಕೆತ್ತಿ ಬಿಡುವ 2,000 ಮೆಗಾವ್ಯಾಟ್ ಯೋಜನೆಗೆ ಕೈಹಾಕಿದ್ದಾರೆ. ಪಾವಗಡದಲ್ಲಿ ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಶುರುವಾಯಿತು. ಅದು ಒಳ್ಳೆಯದೇ. ಅದೇ ಜಮೀನಿನಲ್ಲಿ ಕಳೆ ಕೀಳಲು ಹೋಗುತ್ತಿದ್ದ ಹೆಂಗಸರಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ.

ಗೆಳೆಯರು ಸರ್ಕಾರವನ್ನು ಕೇಳಲು ಒಂದು ಅಂಕಿ ಬೇಕು ಎನ್ನುತ್ತಾರೆ. ನನಗೂ ಬೇಕು. ಒಂದು ಯೂನಿಟ್ಟಿಗೆ ಎಷ್ಟು ಇಂಗಾಲ, ವರ್ಷಕ್ಕೆ ಎಷ್ಟು ಟನ್ ಕಲ್ಲಿದ್ದಲು, ಮತ್ತು ನಮ್ಮ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರ್‌ಗೆ, ಹಗಲು ಹೊತ್ತಿನಲ್ಲಿ ಎಷ್ಟು ಗಂಟೆ ಮೋಟರ್ ಓಡಿಸುವ ತ್ರೀ ಫೇಸ್ ಕರೆಂಟು. ನಮ್ಮಣ್ಣ ಈಗಲೂ ರಾತ್ರಿ ಒಂದಕ್ಕೆ ಎದ್ದು, ಟಾರ್ಚ್ ಹಿಡಿದು ಕಬ್ಬಿನ ಗದ್ದೆ ಬದುವಿನ ಮೇಲೆ ಮೋಟರ್ ಹಾಕಲು ಹೋಗುತ್ತಾನೆ. ಅವನು ವಾಪಸ್ಸು ಬರುವ ತನಕ ಅತ್ತಿಗೆ ಬಾಗಿಲು ಹಾಕುವುದಿಲ್ಲ.