ಮಂಟಪದಲ್ಲಿ ಸ್ಯಾಕ್ಸೋಫೋನ್: ನಾಗಸ್ವರದ ಜಾಗ ಬಿಟ್ಟುಕೊಡಬಹುದೇ?

ಕರಾವಳಿಯಲ್ಲಿ ಈಗ ಮದುವೆ ಇರಲಿ, ಜಾತ್ರೆ ಇರಲಿ, ಬ್ರಹ್ಮಕಲಶ ಇರಲಿ, ಸ್ಯಾಕ್ಸೋಫೋನ್ ಸದ್ದು ಕೇಳದೇ ಇರುವುದು ಅಪರೂಪ. ಘಟ್ಟದ ಮೇಲಿನ ಛತ್ರಗಳಿಗೂ ಅದು ಹತ್ತಿದೆ. ಶುಭಕಾರ್ಯದಲ್ಲಿ ನಾಗಸ್ವರ ಕೂರುತ್ತಿದ್ದ ಚಾಪೆ ಮೇಲೆ ಸ್ಯಾಕ್ಸೋಫೋನ್ ಕೂರುವುದು ಸರಿಯೇ? ಇಬ್ಬರು ಎರಡು ಥರ ಹೇಳುತ್ತಾರೆ.

ಪರ: ಊದುವ ಉಸಿರು ಅದೇ, ಕೊಳವೆ ಬೇರೆ

ನಮ್ಮೂರು ಬಂಟ್ವಾಳದ ಹತ್ತಿರ. ಜಾತ್ರೆಯ ರಾತ್ರಿ ಬಲಿ, ಅಂದರೆ ದೇವರ ಮೆರವಣಿಗೆ, ಹೊರಟಾಗ ಅಂಗಣದಲ್ಲಿ ನಿಂತು ನೋಡಬೇಕು. ಭಟ್ಟರು ದೇವರನ್ನು ತಲೆ ಮೇಲೆ ಹೊತ್ತು ಹೆಜ್ಜೆ ಹಾಕುತ್ತಾರೆ. ಚೆಂಡೆ ಸುತ್ತು ಆಗುತ್ತದೆ, ವಾಲಗದ ಸುತ್ತು ಆಗುತ್ತದೆ, ಬ್ಯಾಂಡ್ ಸುತ್ತು ಆಗುತ್ತದೆ. ಸ್ಯಾಕ್ಸೋಫೋನಿನ ಸರದಿ ಬಂತು ಅಂದರೆ ಹೊರಗೆ ಚುರುಮುರಿ ಗಾಡಿ ಹತ್ತಿರ ನಿಂತಿದ್ದ ಹುಡುಗರೂ ಒಳಗೆ ಬರುತ್ತಾರೆ. ಅಜ್ಜಿಯಂದಿರು ಮುಗಿದ ಕೈಯಲ್ಲೇ ಬೆರಳಾಡಿಸಿ ತಾಳ ಹಾಕುತ್ತಾರೆ. ದೇವರಿಗೆ ಬೇಜಾರಾದ ಹಾಗೆ ನನಗಂತೂ ಕಾಣಲಿಲ್ಲ.

ಇದು ಹೊರಗಿನ ವಾದ್ಯ ಅನ್ನುವ ಆಕ್ಷೇಪ ಹಳೆಯದು. ತಮಾಷೆ ಅಂದರೆ ಹುಟ್ಟಿದ ಮನೆಯಲ್ಲೂ ಸ್ಯಾಕ್ಸೋಫೋನ್ ಹೊರಗಿನದೇ ಆಗಿತ್ತು. ಅದನ್ನು ಮಾಡಿದ ಅಡಾಲ್ಫ್ ಸ್ಯಾಕ್ಸ್ 1814ರಲ್ಲಿ ಬೆಲ್ಜಿಯಂನ ದಿನಾಂ ಎಂಬ ಊರಿನಲ್ಲಿ ಹುಟ್ಟಿದವನು. ಅಪ್ಪನದೂ ವಾದ್ಯ ತಯಾರಿಸುವ ಕಸುಬು. ಆ ಕಾಲದ ಮಿಲಿಟರಿ ಬ್ಯಾಂಡುಗಳಲ್ಲಿ ಒಂದು ತಾಪತ್ರಯ ಇತ್ತು. ಬಯಲಲ್ಲಿ ನುಡಿಸುವಾಗ ಹಿತ್ತಾಳೆ ತುತ್ತೂರಿಗಳ ಅಬ್ಬರದಲ್ಲಿ ಮರದ ವಾದ್ಯಗಳು ಕೇಳಿಸುತ್ತಲೇ ಇರಲಿಲ್ಲ. ಹಿತ್ತಾಳೆಯ ಗಟ್ಟಿತನವೂ ಬೇಕು, ಮರದ ವಾದ್ಯದ ಮೆದುತನವೂ ಬೇಕು. ಸ್ಯಾಕ್ಸ್ ಹಿತ್ತಾಳೆ ಕೊಳವೆಯ ಬಾಯಿಗೆ ಕ್ಲಾರಿನೆಟ್ಟಿನ ಹಾಗೆ ಊದಿದರೆ ಅದುರುವ ಜೊಂಡಿನ ಪಟ್ಟಿ, ಅಂದರೆ ಒಂದು ರೀಡು ಕಟ್ಟಿದ. 1842ರಲ್ಲಿ ಪ್ಯಾರಿಸ್ಸಿಗೆ ಹೋದ. 1846ರಲ್ಲಿ ಪೇಟೆಂಟ್ ಸಿಕ್ಕಿತು. ಫ್ರೆಂಚ್ ಸೇನೆ ತನ್ನ ಬ್ಯಾಂಡುಗಳಿಗೆ ಸೇರಿಸಿಕೊಂಡಿತು. ಆದರೆ ಪ್ಯಾರಿಸ್ಸಿನ ಬೇರೆ ವಾದ್ಯ ತಯಾರಕರು ಸುಮ್ಮನಿರಲಿಲ್ಲ. ಪೇಟೆಂಟ್ ರದ್ದು ಮಾಡಿ ಅಂತ ವರ್ಷಗಟ್ಟಲೆ ಕೋರ್ಟಿಗೆ ಅಲೆಸಿದರು. ಮೂರು ಸಲ ದಿವಾಳಿಯಾಗಿ, 1894ರಲ್ಲಿ ಅವನು ಸತ್ತ. ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಅವನ ವಾದ್ಯಕ್ಕೆ ಇವತ್ತಿಗೂ ಕಾಯಂ ಕುರ್ಚಿ ಇಲ್ಲ.

ಅದಕ್ಕೆ ಕುರ್ಚಿ ಕೊಟ್ಟವರು ಅಮೆರಿಕದ ಕಪ್ಪು ಜನ. ಸಿಡ್ನಿ ಬೆಶೆ, ಕೋಲ್‌ಮನ್ ಹಾಕಿನ್ಸ್, ಚಾರ್ಲಿ ಪಾರ್ಕರ್, ಜಾನ್ ಕೋಲ್ಟ್ರೇನ್. ಇವರ ಕೈಯಲ್ಲಿ ಅದು ಜಾಝ್ ಸಂಗೀತದ ಗಂಟಲಾಯಿತು. ಅಲ್ಲೂ ಕಾಟ ತಪ್ಪಲಿಲ್ಲ. 1938ರಲ್ಲಿ ಜರ್ಮನಿಯ ನಾಜಿಗಳು ‘ಕೆಟ್ಟುಹೋದ ಸಂಗೀತ’ ಅಂತ ಒಂದು ಪ್ರದರ್ಶನ ಇಟ್ಟರು. ಅದರ ಪೋಸ್ಟರಿನಲ್ಲಿ ಹೀಯಾಳಿಸಲು ಬರೆದದ್ದು ಸ್ಯಾಕ್ಸೋಫೋನ್ ಊದುವ ಕಪ್ಪು ಮನುಷ್ಯನ ಚಿತ್ರವನ್ನು. ಹೀಗೆ ಹೋದಲ್ಲೆಲ್ಲ ‘ನೀನು ಇಲ್ಲಿಯವನಲ್ಲ’ ಅನ್ನಿಸಿಕೊಂಡ ವಾದ್ಯಕ್ಕೆ ನಮ್ಮ ದೇವಸ್ಥಾನದ ಅಂಗಣದಲ್ಲಿ ಜಾಗ ಸಿಕ್ಕಿದ್ದು ನನಗೆ ಹೆಮ್ಮೆಯ ವಿಷಯವೇ.

ಜಾಗ ಸುಮ್ನೆ ಸಿಗಲಿಲ್ಲ. ಕದ್ರಿ ಗೋಪಾಲನಾಥರ ಕತೆ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು, ಆದರೂ ಹೇಳುತ್ತೇನೆ. ಬಂಟ್ವಾಳ ತಾಲೂಕಿನ ಸಜೀಪಮೂಡದವರು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮನೆಯಲ್ಲಿ ಕಿವಿಗೆ ಬಿದ್ದದ್ದು ನಾಗಸ್ವರ. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡರು. ಅದೇ ಬೇಕು ಅಂತ ಹಟ ಹಿಡಿದರು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಪಾಠ ಆಯಿತು. ವಾದ್ಯ ಕೈಗೆ ಒಲಿಯಲು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಿಡಿಯಿತು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. ಶೃಂಗೇರಿ, ಕಂಚಿ ಪೀಠಗಳು ಆಸ್ಥಾನ ವಿದ್ವಾನ್ ಅಂತ ಗೌರವಿಸಿದವು. ಮಠಗಳೇ ಒಪ್ಪಿದ ಮೇಲೆ ಛತ್ರದ ಮೆಟ್ಟಿಲಲ್ಲಿ ನಿಂತು ನಾವು ತಕರಾರು ಮಾಡುವುದೇನು?

ವಾದ್ಯದ ಒಳಗೂ ಸ್ವಲ್ಪ ನೋಡೋಣ. ನಾಗಸ್ವರದ ಕೊಳವೆ ಬಾಯಿಯ ಹತ್ತಿರ ಸಣ್ಣ, ಕೆಳಗೆ ಬರುತ್ತಾ ಅಗಲ. ಸ್ಯಾಕ್ಸೋಫೋನಿನದೂ ಹಾಗೇ. ಅದಕ್ಕೇ ಉಸಿರು ಬಿಗಿಮಾಡಿದರೆ ಎರಡೂ ನೇರವಾಗಿ ಮೇಲಿನ ಸ್ಥಾಯಿಗೆ ಏರುತ್ತವೆ. ಕ್ಲಾರಿನೆಟ್ ಕೊಳವೆ ಬಹುಪಾಲು ಒಂದೇ ಅಗಲ, ಅದರ ಸ್ವಭಾವ ಬೇರೆ. ಆದರೂ ಕ್ಲಾರಿನೆಟ್ಟನ್ನು ನಾವು ಎಷ್ಟೋ ಹಿಂದೆಯೇ ಒಳಗೆ ಬಿಟ್ಟುಕೊಂಡೆವು. ನಾಗಸ್ವರ, ಸ್ಯಾಕ್ಸೋಫೋನ್ ಎರಡರ ನಾಲಗೆಯೂ ಜೊಂಡೇ. ಒಂದಕ್ಕೆ ಕಾವೇರಿ ತೀರದ್ದು, ಇನ್ನೊಂದಕ್ಕೆ ಹೆಚ್ಚಾಗಿ ದಕ್ಷಿಣ ಫ್ರಾನ್ಸಿನದು. ಎರಡೂ ಹುಟ್ಟಿದ್ದು ಬಯಲಲ್ಲಿ ಜನರ ಗದ್ದಲದ ಮೇಲೆ ಕೇಳಿಸುವುದಕ್ಕೆ. ನನ್ನ ಲೆಕ್ಕದಲ್ಲಿ ಇವು ದೂರದ ದಾಯಾದಿಗಳು.

ಇನ್ನು ಪಿಟೀಲು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ತಂದು ಇನ್ನೂರು ವರ್ಷ ಆಯಿತು. ಇವತ್ತು ಪಿಟೀಲು ಇಲ್ಲದ ಕಚೇರಿಯನ್ನು ಯಾರಾದರೂ ಊಹಿಸುತ್ತಾರಾ?

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಹೊಟ್ಟೆಪಾಡು. ನಮ್ಮ ಕಡೆ ಸ್ಯಾಕ್ಸೋಫೋನ್ ಹಿಡಿದವರಲ್ಲಿ ಎಷ್ಟೋ ಜನ ಅದೇ ವಾಲಗದ ಮನೆತನದವರು. ಸೇರಿಗಾರರ ಮಕ್ಕಳು, ಮೊಮ್ಮಕ್ಕಳು. ವಾಲಗ ಊದುತ್ತಿದ್ದ ಅಜ್ಜನನ್ನು ಮದುವೆ ಮನೆಯ ಮೂಲೆಯಲ್ಲಿ ಕೂರಿಸಿ, ಊಟಕ್ಕೆ ಕೊನೆಯ ಪಂಕ್ತಿಗೆ ಕರೆಯುತ್ತಿದ್ದರು. ಅದನ್ನು ನಾನೇ ಕಂಡಿದ್ದೇನೆ. ಅವರ ಮೊಮ್ಮಗ ಜರಿ ಶಾಲು ಹೊದ್ದು ವೇದಿಕೆ ಮೇಲೆ ಕೂರುತ್ತಾನೆ. ಕರಪತ್ರದಲ್ಲಿ ಹೆಸರು ಹಾಕುತ್ತಾರೆ. ಹೊರಗಿನಿಂದ ಬಂದ ವಾದ್ಯ ಅವನಿಗೆ ಒಳಗೆ ಜಾಗ ಮಾಡಿಕೊಟ್ಟಿತು. ಹೆಣ್ಣುಮಕ್ಕಳಿಗೂ ಅಷ್ಟೇ. ನಾಗಸ್ವರ ಹಿಡಿದ ಹುಡುಗಿಯರು ನಮ್ಮಲ್ಲಿ ಬಹಳ ಕಡಿಮೆ. ಸ್ಯಾಕ್ಸೋಫೋನಿನಲ್ಲಿ ಎಂ.ಎಸ್. ಸುಬ್ಬಲಕ್ಷ್ಮಿ (ಅದೇ ಹೆಸರಿನ ಗಾಯಕಿ ಅಲ್ಲ), ಎಂ.ಎಸ್. ಲಾವಣ್ಯ ಸೋದರಿಯರನ್ನು ನೋಡಿ ಕಲಿಯಲು ಬಂದವರಿದ್ದಾರೆ.

ನಮ್ಮ ಪಕ್ಕದ ಮನೆ ಹುಡುಗ ಬೆಳಿಗ್ಗೆ ಐದೂವರೆಗೆ ಹಲಸಿನ ಮರದ ಬುಡದಲ್ಲಿ ಸ್ಟೂಲ್ ಹಾಕಿಕೊಂಡು ಶುರು ಮಾಡುತ್ತಾನೆ. ನನ್ನ ನಿದ್ದೆ ಹಾಳು. ಬೈಯಲು ಎದ್ದು ಕಿಟಕಿ ತೆಗೆದರೆ ಕೇಳುವುದು ಮಾಯಾಮಾಳವಗೌಳ ರಾಗದ ಸರಳೆ ವರಸೆ, ಸಂಗೀತ ಕಲಿಯುವವರ ಮೊದಲ ಪಾಠ. ಮತ್ತೆ ಕಿಟಕಿ ಹಾಕಿ ಮಲಗುತ್ತೇನೆ.

ವಿರೋಧ: ಗಟ್ಟಿಮೇಳಕ್ಕೆ ಮೈಕ್ ಬೇಕಿರಲಿಲ್ಲ

ಹೋದ ವರ್ಷ ಸಂಬಂಧಿಕರ ಮದುವೆಗೆ ಹೋಗಿದ್ದೆ. ವೇದಿಕೆಯ ಪಕ್ಕ ಸ್ಯಾಕ್ಸೋಫೋನ್, ಕೀಬೋರ್ಡ್, ರಿದಂ ಪ್ಯಾಡ್, ಆಳೆತ್ತರದ ಎರಡು ಸ್ಪೀಕರ್. ಮುಹೂರ್ತ ಹತ್ತಿರ ಬಂತು. ಪುರೋಹಿತರು ತೋರುಬೆರಳು ಎತ್ತಿ ಅಲ್ಲಾಡಿಸುತ್ತಾ ‘ಗಟ್ಟಿಮೇಳ, ಗಟ್ಟಿಮೇಳ’ ಅಂತ ಕೂಗಿದರು. ವಾದಕರು ಕಣ್ಣು ಮುಚ್ಚಿ ಒಂದು ಸಿನಿಮಾ ಹಾಡಿನ ಚರಣದಲ್ಲಿದ್ದರು. ಅವರದೇ ಸ್ಪೀಕರಿನ ಅಬ್ಬರದಲ್ಲಿ ಅವರಿಗೆ ಕೂಗು ಕೇಳಿಸಲಿಲ್ಲ. ಹುಡುಗಿಯ ಸೋದರಮಾವ ಓಡಿಹೋಗಿ ಭುಜ ತಟ್ಟುವಷ್ಟರಲ್ಲಿ ಎರಡು ಗಂಟು ಬಿದ್ದಿತ್ತು. ಮೂರನೆಯದಕ್ಕೆ ಏನೋ ಒಂದು ಊದಿದರು.

ನಮ್ಮಪ್ಪ ನಾಗಸ್ವರ ನುಡಿಸುವವರು. ಮನೆಗೆ ಬಂದು ಹೇಳಿದರೆ ನಗಲಿಲ್ಲ. “ಮದುವೆ ಮನೇಲಿ ಊದೋನ ಕಣ್ಣು ಪುರೋಹಿತರ ಬೆರಳ ಮೇಲೇ ಇರಬೇಕು ಕಣಪ್ಪ” ಅಂದರು, ಅಷ್ಟೇ.

ತಪ್ಪು ತಿಳಿಯಬೇಡಿ. ಗೋಪಾಲನಾಥರ ಮೇಲೆ ನನಗೆ ಒಂದಿಷ್ಟೂ ಅಸಮಾಧಾನ ಇಲ್ಲ. 2019ರಲ್ಲಿ ಅವರು ತೀರಿಕೊಂಡ ದಿನ ಅಪ್ಪ ಇಡೀ ಸಂಜೆ ಅವರ ರೆಕಾರ್ಡಿಂಗ್ ಹಾಕಿಕೊಂಡು ಕೂತಿದ್ದರು. ಸ್ಯಾಕ್ಸೋಫೋನಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೀ ಇರುತ್ತವೆ. ಬೆರಳು ಮುಟ್ಟುವುದು ಹೆಚ್ಚಾಗಿ ಕೀಯನ್ನೇ, ರಂಧ್ರವನ್ನಲ್ಲ. ರಂಧ್ರದ ಮೇಲೆ ಬೀಳುವುದು ಮುಚ್ಚಳ. ನಾಗಸ್ವರದಲ್ಲಿ ಏಳು ಬರಿಯ ರಂಧ್ರ, ಏಳು ಬರಿಯ ಬೆರಳು. ಬೆರಳನ್ನು ಕಾಲುಭಾಗ ಸರಿಸಬಹುದು, ಅರ್ಧ ಒರಗಿಸಬಹುದು, ಉಜ್ಜಿಕೊಂಡು ಜಾರಬಹುದು. ತೋಡಿ ರಾಗದ ಗಾಂಧಾರ ಸ್ವರ ತೂಗುವುದು ಅಲ್ಲೇ. ಮುಚ್ಚಳದ ವಾದ್ಯದಲ್ಲಿ ಅದನ್ನೆಲ್ಲ ತುಟಿ, ದವಡೆ, ಉಸಿರಿನಿಂದ ಬಗ್ಗಿಸಿ ತೆಗೆಯಬೇಕು. ಗೋಪಾಲನಾಥರು ತೆಗೆದರು. ಅವರಿಗೆ ಇಪ್ಪತ್ತು ವರ್ಷ ಬೇಕಾಯಿತು ಅಂತ ಪರ ಬರೆದವರೇ ಹೇಳುತ್ತಾರೆ. ಛತ್ರದಲ್ಲಿ ನುಡಿಸುವ ಎಲ್ಲರೂ ಇಪ್ಪತ್ತು ವರ್ಷ ಕೂತು ಬಂದಿದ್ದಾರಾ? ಸ್ವರವನ್ನು ಹೀಗೆ ತೂಗಿಸುವ ಗಮಕ ಬರದಿದ್ದಾಗ ಸಿನಿಮಾ ಹಾಡು ಕೈಹಿಡಿಯುತ್ತದೆ. ಅದಕ್ಕೆ ಗಮಕದ ಹಂಗು ಕಡಿಮೆ. ಒಬ್ಬ ಮಹಾನುಭಾವರ ಸಾಧನೆಯನ್ನು ಇಡೀ ವಾದ್ಯದ ಲೈಸೆನ್ಸ್ ಮಾಡಿಕೊಂಡರೆ ಹೇಗೆ?

ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ ಅನ್ನುವ ಆಕ್ಷೇಪ ಹಾರ್ಮೋನಿಯಂ ಮೇಲೂ ಇತ್ತು; 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ಹೊರಗಿಟ್ಟಿತು. ಅದು ಅತಿಯಾಯಿತು. ಮೂವತ್ತು ವರ್ಷ ಎಷ್ಟೋ ಕಲಾವಿದರಿಗೆ ಅದರಿಂದ ನೋವಾಯಿತು. ನಿಷೇಧ ನನಗೂ ಬೇಡ. ಆದರೆ ಎರಡು ಸ್ವರಗಳ ನಡುವಿನ ಹಾದಿಗೆ ಏನಾಗುತ್ತದೆ ಅಂತ ಆಗ ಎದ್ದ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲವೇ ಅಲ್ಲ.

ಪಿಟೀಲಿನ ಉದಾಹರಣೆ ಬಂದೇ ಬರುತ್ತದೆ ಅಂತ ಗೊತ್ತಿತ್ತು. ಪಿಟೀಲು ಹಾಡುವವರ ಪಕ್ಕ ಬಂದು ಕೂತಿತು. ಅದು ವೀಣೆಯನ್ನು ಆಚೆ ಸರಿಸಿತು ಅಂತ ಬೇಕಾದರೆ ಹೇಳಿ. ಸರಿ, ವೀಣೆಗೆ ಕಚೇರಿ ಉಳಿಯಿತು, ಕಾಲೇಜು ಉಳಿಯಿತು, ಮನೆಮನೆಯ ಪಾಠ ಉಳಿಯಿತು. ನಾಗಸ್ವರಕ್ಕೆ ಗುಡಿ ಮತ್ತು ಮಂಟಪ ಬಿಟ್ಟರೆ ಮೂರನೆಯ ಜಾಗ ಎಲ್ಲಿದೆ? ಸಂಗೀತ ಸಭೆಗಳಲ್ಲಿ ವರ್ಷಕ್ಕೊಂದು ದಿನ, ಉದ್ಘಾಟನೆಗೆ ಅಂತ ಕರೆಯುತ್ತಾರೆ. ದೀಪ ಹಚ್ಚಿದ ಮೇಲೆ ಕಳಿಸುತ್ತಾರೆ. ಸ್ಯಾಕ್ಸೋಫೋನಿಗೆ ಜಾಝ್ ಇದೆ, ಪಾಪ್ ಇದೆ, ಸಿನಿಮಾ ಇದೆ, ಹೋಟೆಲ್ ಇದೆ, ಸೇನೆಯ ಬ್ಯಾಂಡ್ ಇದೆ. ಇಡೀ ಲೋಕ ಇರುವವನು ಎರಡೇ ಕೋಣೆ ಇರುವವನ ಮನೆಗೆ ಬಂದು ಒಂದು ಕೋಣೆ ಕೇಳಿದ ಹಾಗಾಯಿತು.

ವಾಲಗದವರ ಮಕ್ಕಳೇ ಸ್ಯಾಕ್ಸೋಫೋನ್ ಹಿಡಿದಿದ್ದಾರೆ, ಮರ್ಯಾದೆ ಸಿಕ್ಕಿದೆ ಅನ್ನುವ ಮಾತಿಗೆ ನನ್ನಲ್ಲಿ ಸುಲಭದ ಉತ್ತರ ಇಲ್ಲ. ಕೊನೆಯ ಪಂಕ್ತಿಯ ಊಟ ನನಗೂ ಗೊತ್ತು. ಅಪ್ಪನ ಜೊತೆ ನಾನೂ ಉಂಡಿದ್ದೇನೆ. ಆದರೆ ಆ ಅವಮಾನ ಮಾಡಿದ್ದು ನಾಗಸ್ವರವಲ್ಲ, ಕರೆದವರು. ಕೊಳವೆ ಬದಲಾದ ಕೂಡಲೇ ಶಾಲು ಹೊದಿಸುತ್ತಾರೆ ಅಂದರೆ ನಾಚಿಕೆ ಪಡಬೇಕಾದವರು ಯಾರು? ಮತ್ತೆ ಇದನ್ನೂ ಒಪ್ಪಿಕೊಳ್ಳಬೇಕು: ನಾನೂ ಕಲಿಯಲಿಲ್ಲ. ಬ್ಯಾಂಕಿನ ಕೆಲಸ ಸಿಕ್ಕಿತು, ಹೊರಟೆ. ಹಾಗಾಗಿ ಬೈಯುವ ಹಕ್ಕು ನನಗೆ ಅರ್ಧವೇ ಇದೆ.

ಅಪ್ಪನ ನಾಗಸ್ವರದ ಕುತ್ತಿಗೆಗೆ ದಾರದಲ್ಲಿ ನಾಲ್ಕೈದು ಜೀವಾಳಿ, ಅಂದರೆ ಊದುವ ರೀಡು, ಜೋತಾಡುತ್ತಿರುತ್ತವೆ, ಜೊತೆಗೊಂದು ಸಣ್ಣ ಕಡ್ಡಿ. ನುಡಿಸುವ ಮೊದಲು ಒಂದನ್ನು ಬಾಯಲ್ಲಿಟ್ಟು ನೆನೆಸುತ್ತಾರೆ, ಕಡ್ಡಿಯಿಂದ ಅದರ ಬಾಯಿ ಬಿಡಿಸುತ್ತಾರೆ, ಒಮ್ಮೆ ಪೀಪೀ ಅನ್ನಿಸಿ ನೋಡುತ್ತಾರೆ. ಸರಿ ಹೋಗದಿದ್ದರೆ ಇನ್ನೊಂದು. ಕೆಳಗಿನ ರಂಧ್ರಗಳಿಗೆ ಮೇಣ ಮೆತ್ತಿ ಶ್ರುತಿ ಹೊಂದಿಸುತ್ತಾರೆ. ಡೋಲಿನವರು ಬೆರಳಿಗೆ ಗಟ್ಟಿ ಟೋಪಿಯಂಥ ಗೂಡು ಹಾಕಿಕೊಳ್ಳುತ್ತಾ ಕಾಯುತ್ತಾರೆ. ಆಮೇಲೆ ಊದಿದರೆ ಅಡುಗೆ ಮನೆಯಲ್ಲಿ ಹೋಳಿಗೆ ಬೇಯಿಸುವವರಿಗೂ ಧಾರೆ ಎಲ್ಲಿಗೆ ಬಂತು ಅಂತ ಗೊತ್ತಾಗುತ್ತದೆ. ಕರೆಂಟ್ ಹೋದರೂ ತಾಳಿಗೆ ಮೇಳ ತಪ್ಪುವುದಿಲ್ಲ.

ಇನ್ನೊಂದು ಮಾತು, ಬೇಕಾದರೆ ಇದನ್ನು ಸ್ಯಾಕ್ಸೋಫೋನಿನ ಪರ ಅಂತಲೇ ಇಟ್ಟುಕೊಳ್ಳಿ. ಪಾರ್ಕರ್, ಕೋಲ್ಟ್ರೇನ್ ಕೈಯಲ್ಲಿ ಅದು ಆ ಕ್ಷಣಕ್ಕೆ ಹುಟ್ಟುವ ಸಂಗೀತದ ವಾದ್ಯ. ಎದುರಿಗೆ ಕೂತು ಕೇಳಬೇಕಾದದ್ದು. ನಾವು ಅದನ್ನು ಕರೆತಂದು, ಜನ ಕಾಫಿ ಕುಡಿಯುತ್ತಾ ಹರಟುವಾಗ ಹಿಂದಿನಿಂದ ಹರಿಯುವ ಸದ್ದು ಮಾಡಿಟ್ಟಿದ್ದೇವೆ. ನಾಗಸ್ವರಕ್ಕೆ ಮೊದಲು ಮಾಡಿದ್ದನ್ನೇ ಈಗ ಅದಕ್ಕೂ ಮಾಡುತ್ತಿದ್ದೇವೆ, ಅಲ್ವಾ?

ಈಗಲೂ ಅಪ್ಪನಿಗೆ ಫೋನ್ ಬರುತ್ತದೆ. “ಸ್ಯಾಕ್ಸೋಫೋನ್ ಹೇಳಿಯಾಗಿದೆ ಸ್ವಾಮಿ, ನೀವು ಶಾಸ್ತ್ರಕ್ಕೆ ಒಂದೈದು ನಿಮಿಷ ಬಂದು ಊದಿ ಹೋಗಿ” ಅನ್ನುತ್ತಾರೆ. ಅಪ್ಪ ಹೋಗುತ್ತಾರೆ. ನಾನು ಕೇಳುವುದು ಜಾಸ್ತಿ ಏನಲ್ಲ. ಬೆಳಗಿನ ಧಾರೆ ಪೂರ್ತಿ ನಾಗಸ್ವರಕ್ಕೆ ಬಿಡಿ. ಸಂಜೆ ಆರತಕ್ಷತೆಗೆ ಸ್ಯಾಕ್ಸೋಫೋನ್ ಇಡಿ, ಒಳ್ಳೆಯ ವಾದಕರನ್ನೇ ಕರೆಸಿ, ಕುರ್ಚಿ ಹಾಕಿ ಕೂತು ಕೇಳಿ. ಊಟಕ್ಕೆ ಐದು ಬಗೆಯ ಸ್ವೀಟ್ ಮಾಡಿಸುವವರಿಗೆ ಎರಡು ವಾದ್ಯದ ಖರ್ಚು ಭಾರವಾಗಲಿಕ್ಕಿಲ್ಲ.